ರಟ್ಟಿನ ಡಬ್ಬಿಯಲ್ಲಿ ಉಳಿದಿದ್ದ ಕಾರ್ಬುರೇಟರ್: 1986ರ ಮಾಂಟೆ ಕಾರ್ಲೊ ಎಸ್‌ಎಸ್ ಕಾರಿನ ಒಂದು ಪ್ರಕರಣ

ಗ್ಯಾರೇಜಿನವರು ಬಿಚ್ಚಿ ತೆಗೆದ ಹಳೆಯ ಕಾರ್ಬುರೇಟರನ್ನು (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಅಲ್ಲೇ ಬಿಟ್ಟು ಬಾರದೆ, ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ತಂದಿದ್ದರು ರಾಯರು. ಈ ಪ್ರಕರಣದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ. ಆಗ ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ರಾಯರು ಅನ್ನುವುದು ನಿಜವಾದ ಹೆಸರಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಹಳ ವರ್ಷದಿಂದ ಇರುವ ಕನ್ನಡಿಗರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಊರು, ಗ್ಯಾರೇಜು, ಗುರುತು ಹಿಡಿಯಬಹುದಾದ ಬೇರೆ ವಿವರ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕಾರಿನಲ್ಲಿ ಆದದ್ದನ್ನು ಮಾತ್ರ ಪೂರ್ತಿ ಬರೆದಿದ್ದೇನೆ. ಇದೇ ತಪ್ಪು ಇದೇ ಕ್ರಮದಲ್ಲಿ ಬೇರೆ ಕಾರುಗಳಲ್ಲೂ ನಡೆಯುವುದನ್ನು ಆಮೇಲೆ ನೋಡಿದ್ದೇನೆ, ಅದಕ್ಕೆ.

ಕಾರು ಎಂಥದು

ಷೆವ್ರೊಲೆಯ ಮಾಂಟೆ ಕಾರ್ಲೊ ಎಸ್‌ಎಸ್, 1986ರ ಮಾಡೆಲ್. ಅಮೆರಿಕದ ನಾಸ್ಕಾರ್ ಕಾರ್ ರೇಸಿನಲ್ಲಿ ಗಾಳಿ ಸೀಳಿ ಹೋಗಲಿ ಅಂತ ಇಳಿಜಾರು ಮೂತಿ ಕೊಟ್ಟು 1983ರಲ್ಲಿ ತಂದ ಸಾಲಿನದು. ಬಾನೆಟ್ ಕೆಳಗೆ 305 ಘನ ಇಂಚಿನ, ಅಂದರೆ 5 ಲೀಟರಿನ ವಿ8. ಎಲ್69 ಅನ್ನುವ ಈ ಎಂಜಿನ್ನಿನ ಶಕ್ತಿ 180 ಅಶ್ವಶಕ್ತಿ. ಇವತ್ತಿನ ಲೆಕ್ಕಕ್ಕೆ ಅದು ಹೆಚ್ಚೇನಲ್ಲ. ಆ ಕಾಲದ ಅಮೆರಿಕದ ಹೊಗೆ ನಿಯಮಗಳ ನಡುವೆ ಅಷ್ಟು ಶಕ್ತಿ ಹೊರಡಿಸಿದ್ದೇ ಸಾಧನೆ. ಗೇರ್‌ಬಾಕ್ಸ್ 200-4ಆರ್ ಅನ್ನುವ ನಾಲ್ಕು ಗೇರಿನ ಆಟೋಮ್ಯಾಟಿಕ್.

ಎಂಜಿನ್ ಮೇಲೆ ಕೂತಿರುವುದು ರಾಚೆಸ್ಟರ್ ಕ್ವಾಡ್ರಾಜೆಟ್. ಇದು 1965ರಿಂದ ಬಂದ ನಾಲ್ಕು ಬಾಯಿಯ ಕಾರ್ಬುರೇಟರ್. ಮುಂದಿನ ಎರಡು ಬಾಯಿ ಸಣ್ಣವು, ಒಂದೊಂದೂ 1 3/8 ಇಂಚು. ಹಿಂದಿನ ಎರಡು ದೊಡ್ಡವು, 2 1/4 ಇಂಚು. ಮೆಲ್ಲಗೆ ಓಡಿಸುವಾಗ ಸಣ್ಣ ಬಾಯಿಗಳೇ ಸಾಕು, ಕಾಲು ಒತ್ತಿದಾಗ ಮಾತ್ರ ಹಿಂದಿನವು ತೆರೆಯುತ್ತವೆ.

1981ರಲ್ಲಿ ಜನರಲ್ ಮೋಟಾರ್ಸ್ ಇದಕ್ಕೆ ಒಂದು ಕಂಪ್ಯೂಟರ್ ಜೋಡಿಸಿತು. ಸೈಲೆನ್ಸರಿನ ದಾರಿಯಲ್ಲಿದ್ದು ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಇರಬೇಕು. ಬರೀ ಜೆಟ್ (ಪೆಟ್ರೋಲ್ ಹೋಗುವ ಅಳತೆಯ ತೂತು) ಮತ್ತು ಸ್ಪ್ರಿಂಗ್ ನಂಬಿಕೊಂಡು ಅಷ್ಟು ನಿಖರವಾಗಿ ಮಿಕ್ಸ್ಚರ್ ಹಿಡಿಯಲು ಆಗುವುದಿಲ್ಲ. ಹಾಗಾಗಿ ಕಾರ್ಬುರೇಟರಿನ ಒಳಗೆ ಒಂದು ಸೊಲೆನಾಯ್ಡ್, ಅಂದರೆ ಕರೆಂಟ್ ಬಂದಾಗ ಅಯಸ್ಕಾಂತದ ಹಾಗೆ ಎಳೆಯುವ ಸಾಧನ, ಇಟ್ಟರು. ಅದು ಸೆಕೆಂಡಿಗೆ 10 ಸಲ ಕೆಳಕ್ಕೆ ಮೇಲಕ್ಕೆ ಆಡುತ್ತದೆ. ಕರೆಂಟ್ ಬಂದಾಗ ಅದಕ್ಕೆ ಸೇರಿದ ಸಣ್ಣ ಕಡ್ಡಿಗಳು ಜೆಟ್ಟಿನೊಳಕ್ಕೆ ಇಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಕರೆಂಟ್ ಹೋದಾಗ ಸ್ಪ್ರಿಂಗ್ ಅವುಗಳನ್ನು ಎತ್ತಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ ಹೇಳುತ್ತದೆ, ಕಂಪ್ಯೂಟರ್ ಕೇಳಿಕೊಂಡು ಸೊಲೆನಾಯ್ಡನ್ನು ಕುಣಿಸುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಆ ಕಂಪ್ಯೂಟರ್ ನೋಡಿಕೊಳ್ಳುವುದು ಕಾರ್ಬುರೇಟರನ್ನು ಮಾತ್ರ ಅಲ್ಲ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ, ಹಳೆಯ ಕಾರುಗಳಲ್ಲಿ ಕಿಡಿಯ ಸಮಯ ಹೊಂದಿಸುತ್ತಿದ್ದ ವ್ಯಾಕ್ಯೂಮ್ ಡಬ್ಬಿಯೂ ಈ ಕಾರಿನಲ್ಲಿ ಇಲ್ಲ, ತೂಕದ ಗುಂಡುಗಳೂ ಇಲ್ಲ. ಕಿಡಿಯನ್ನು ಯಾವಾಗ ಮುಂಚೆ ಹಾರಿಸಬೇಕು ಅಂತ ಹೇಳುವುದೂ ಅದೇ ಕಂಪ್ಯೂಟರ್. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಜಾರದಂತೆ ಲಾಕ್ ಮಾಡುವುದು, ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿಗೆ ವ್ಯಾಕ್ಯೂಮ್ ಬಿಡುವುದು, ಇದ್ದಿಲು ಡಬ್ಬಿಯಲ್ಲಿ ಕೂಡಿದ ಪೆಟ್ರೋಲ್ ಆವಿ ಎಳೆಸುವುದು, ಎಲ್ಲವೂ ಅದರದೇ ಕೆಲಸ. ಕಾರ್ಬುರೇಟರನ್ನು ಒಂದು ಬಿಡಿಭಾಗ ಅಂದುಕೊಂಡು ಬಿಚ್ಚಿದವರು ಈ ಉಳಿದ ಸಂಬಂಧಗಳನ್ನೂ ಬಿಚ್ಚಿದ ಹಾಗೆ.

ತೊಂದರೆ

ರಾಯರು ಕಾರು ಕೊಂಡಾಗ ಗ್ಯಾಲನ್ನಿಗೆ 16 ಮೈಲಿ ಬರುತ್ತಿತ್ತು. ಎರಡು ವರ್ಷದಲ್ಲಿ 10ಕ್ಕೆ ಇಳಿಯಿತು. ನಿಂತಲ್ಲಿ ಪೆಟ್ರೋಲ್ ವಾಸನೆ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ. ಪಿಕಪ್ ಮಾತ್ರ ಪರವಾಗಿಲ್ಲ ಅನ್ನುವಂತಿತ್ತು. ಆಮೇಲೆ ಹೊಗೆ ತಪಾಸಣೆಯ ಸರದಿ ಬಂತು. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದು ಆಗಲೇಬೇಕು. ಕಾರು ಫೇಲಾಯಿತು. ಕಾರ್ಬನ್ ಮಾನಾಕ್ಸೈಡ್ ಮಿತಿಗಿಂತ ಬಹಳ ಮೇಲಿತ್ತು.

ರಾಯರು ಒಂದು ಗ್ಯಾರೇಜಿಗೆ ಹೋದರು. ಅಲ್ಲಿನವರು ಡ್ಯಾಶ್ ಕೆಳಗಿನ ಕನೆಕ್ಟರಿನಲ್ಲಿ ಎ ಮತ್ತು ಬಿ ಪಿನ್ನುಗಳನ್ನು ಒಂದು ತಂತಿಯಿಂದ ಸೇರಿಸಿದರು. ಚೆಕ್ ಎಂಜಿನ್ ದೀಪ ಮಿನುಗಿ ಕೋಡ್ ತೋರಿಸುವ ವ್ಯವಸ್ಥೆ ಅದು. ಬಂದದ್ದು 12 ಮಾತ್ರ. ಎಂಜಿನ್ ಓಡದಿರುವಾಗ 12 ಬರುವುದು ಸಹಜ, ತಪಾಸಣೆ ನಡೆಯುತ್ತಿದೆ ಅಂತ ಅಷ್ಟೇ ಅದರ ಅರ್ಥ. ಬೇರೆ ಕೋಡ್ ಇಲ್ಲ. ಹಾಗಾದರೆ ಕಂಪ್ಯೂಟರ್ ಸರಿಯಿದೆ, ಸೆನ್ಸರ್‌ಗಳು ಸರಿಯಿವೆ, ಕಾರ್ಬುರೇಟರೇ ಕೆಟ್ಟಿದೆ ಅಂತ ಅವರು ತೀರ್ಮಾನಿಸಿದರು.

ಮೇಲ್ನೋಟಕ್ಕೆ ಸರಿ ಅನ್ನಿಸುವ ತೀರ್ಮಾನ, ಅಲ್ವಾ? ಆದರೆ ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ. ವೈರು ಕಡಿದರೆ, ವೋಲ್ಟೇಜ್ ಅಸಾಧ್ಯವಾದ ಮಟ್ಟಕ್ಕೆ ಹೋದರೆ ಆ ಕಾಲದ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸೆನ್ಸರ್ ನಿಜವನ್ನೇ ಹೇಳುತ್ತಿದ್ದು, ಆ ನಿಜವೇ ಕೆಟ್ಟದ್ದಾಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ಮೊದಲ ನಿರ್ಧಾರ

ಕಂಪ್ಯೂಟರ್ ಕ್ವಾಡ್ರಾಜೆಟ್ ರಿಪೇರಿ ಮಾಡುವವರು ಈಗ ಸಿಗುವುದು ಕಷ್ಟ, ಹೊಸ ಸಾದಾ ಕಾರ್ಬುರೇಟರ್ ಹಾಕಿದರೆ ಸುಲಭ ಅಂತ ಗ್ಯಾರೇಜಿನವರು ಹೇಳಿದರು. ಮೊದಲ ಭಾಗ ನಿಜವೇ. ರಾಯರು ಒಪ್ಪಿದರು. ಗಾಳಿ ಹಾಯಿಸುವ ಲೆಕ್ಕದಲ್ಲಿ ನಿಮಿಷಕ್ಕೆ 600 ಘನ ಅಡಿಯ ನಾಲ್ಕು ಬಾಯಿ ಕಾರ್ಬುರೇಟರ್ ಬಂತು. ಅದರ ನಾಲ್ಕೂ ಬಾಯಿ ಹೆಚ್ಚುಕಡಿಮೆ ಒಂದೇ ಅಳತೆಯವು, ಅದು ಕೂರಬೇಕಾದ ಮ್ಯಾನಿಫೋಲ್ಡ್ ಕ್ವಾಡ್ರಾಜೆಟ್ಟಿನ ಅಳತೆಯದು. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಇಟ್ಟು ಕೂರಿಸಿದರು.

ಸೊಲೆನಾಯ್ಡ್ ವೈರಿಗೆ ಹೋಗಲು ಜಾಗ ಇಲ್ಲ. ಟೇಪ್ ಸುತ್ತಿ ಬಿಟ್ಟರು. ಕೂಡಲೇ ಚೆಕ್ ಎಂಜಿನ್ ದೀಪ ಹತ್ತಿತು, ಕೋಡ್ 23. ಸೊಲೆನಾಯ್ಡ್ ಸರ್ಕಿಟ್ ಕಾಣುತ್ತಿಲ್ಲ ಅಂತ ಅದರ ಅರ್ಥ. ದೀಪ ಆರಿಸಲು ಡಿಸ್ಟ್ರಿಬ್ಯೂಟರಿನ ನಾಲ್ಕು ವೈರಿನ ಕನೆಕ್ಟರ್ ಬಿಚ್ಚಿ, ಕಂಪ್ಯೂಟರಿನ ಫ್ಯೂಸ್ ತೆಗೆದಿಟ್ಟರು. ಕಾರು ಸ್ಟಾರ್ಟಾಯಿತು, ಹೊಗೆ ಕಡಿಮೆಯಾಯಿತು. ರಾಯರು ದುಡ್ಡು ಕೊಟ್ಟು, ಹಳೆಯದನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದರು.

ಒಂದು ತಿಂಗಳಲ್ಲಿ ನನಗೆ ಫೋನ್ ಬಂತು. "ಗಾಡಿ ಓಡ್ತದಪ್ಪ, ಆದ್ರೆ ಜೀವ ಇಲ್ಲ. ಒಂದ್ಸಲ ಬಂದು ನೋಡು" ಅಂದರು. ಮೈಲೇಜ್ 11. ಏರಿನಲ್ಲಿ ಎಳೆಯುವುದಿಲ್ಲ. ಹೆದ್ದಾರಿಯಲ್ಲಿ ಎಂಜಿನ್ ಸದ್ದು ಮೊದಲಿಗಿಂತ ಜಾಸ್ತಿ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ನಡುವೆ ಜಾರಿದ ಹಾಗೆ ಆಗುತ್ತದೆ.

ಟೈಮಿಂಗ್ ಲೈಟ್ ತೋರಿಸಿದ್ದು

ಕಿಡಿ ಯಾವ ಗಳಿಗೆಯಲ್ಲಿ ಹಾರುತ್ತಿದೆ ಅಂತ ತೋರಿಸುವ ಟೈಮಿಂಗ್ ಲೈಟ್ ಮೊದಲು ಹಿಡಿದೆ. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಗುರುತು ಇರಬೇಕಾದ ಕಡೆಯೇ ಇತ್ತು. ರಾಯರಿಗೆ ಆಕ್ಸಿಲರೇಟರ್ ಒತ್ತಲು ಹೇಳಿದೆ. 3000 ಆರ್‌ಪಿಎಂಗೆ ಹೋದಾಗ ಆ ಗುರುತು 30 ಡಿಗ್ರಿಯ ಆಚೆಗೆ ಓಡಬೇಕು. ಅದು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು. ಕಂಪ್ಯೂಟರನ್ನು ಬಿಚ್ಚಿಟ್ಟಿದ್ದರಿಂದ ಅಡ್ವಾನ್ಸೇ ಇಲ್ಲ, ಅಂದರೆ ವೇಗ ಏರಿದರೂ ಕಿಡಿ ಮುಂಚೆ ಹಾರುವುದಿಲ್ಲ. ಕಿಡಿ ತಡವಾಗಿ ಹಾರುತ್ತಿದೆ. ಪೆಟ್ರೋಲ್ ಸಿಲಿಂಡರಿನಲ್ಲಿ ಉರಿದು ಪಿಸ್ಟನ್ ತಳ್ಳುವ ಬದಲು ಅರ್ಧ ಬಿಸಿ ಸೈಲೆನ್ಸರಿನ ಪೈಪಿಗೆ ಹೋಗುತ್ತಿದೆ. ಕಾರ್ಬುರೇಟರ್ ಎಷ್ಟೇ ಚೆನ್ನಾಗಿರಲಿ, ಇದನ್ನು ಅದು ಸರಿಮಾಡಲಾರದು.

ಆಮೇಲೆ ಗೇರ್‌ಬಾಕ್ಸಿನ ಆಯಿಲ್ ಕಡ್ಡಿ ಎಳೆದು ಮೂಸಿದೆ. ಕೆಂಪಾಗಿರಬೇಕಾದದ್ದು ಕಂದಾಗಿತ್ತು, ಸುಟ್ಟ ವಾಸನೆ. ಇದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು.

200-4ಆರ್ ಗೇರ್‌ಬಾಕ್ಸಿಗೆ ಕಾರ್ಬುರೇಟರಿನಿಂದ ಒಂದು ಕೇಬಲ್ ಹೋಗುತ್ತದೆ. ಟಿವಿ ಕೇಬಲ್ ಅಂತಾರೆ, ಥ್ರಾಟಲ್ ವಾಲ್ವ್ ಅನ್ನುವುದರ ಚಿಕ್ಕ ರೂಪ. ಎಷ್ಟೋ ಜನ ಇದನ್ನು ಬರೀ ಕಿಕ್‌ಡೌನ್ ಕೇಬಲ್, ಅಂದರೆ ಜೋರಾಗಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವ ಕೇಬಲ್, ಅಂದುಕೊಳ್ಳುತ್ತಾರೆ. ಅಲ್ಲ. ನೀವು ಎಷ್ಟು ಕಾಲು ಒತ್ತಿದ್ದೀರಿ ಅಂತ ಗೇರ್‌ಬಾಕ್ಸಿಗೆ ತಿಳಿಯುವುದೇ ಇದರಿಂದ. ಅದಕ್ಕೆ ತಕ್ಕಂತೆ ಅದು ಒಳಗಿನ ಆಯಿಲ್ ಒತ್ತಡ ಏರಿಸುತ್ತದೆ. ಕೇಬಲ್ ಕಡಿಮೆ ಎಳೆದರೆ ಒತ್ತಡ ಏರುವುದಿಲ್ಲ, ಕ್ಲಚ್ ಪ್ಲೇಟುಗಳು ಬಿಗಿಯಾಗಿ ಹಿಡಿಯದೆ ಜಾರಿ ಸುಡುತ್ತವೆ. ಹೊಸ ಕಾರ್ಬುರೇಟರಿನ ಲಿವರ್ ಬೇರೆ ಅಳತೆಯದು. ಕೇಬಲ್ ಸಿಕ್ಕಿಸಿದ ತೂತು ಬೇರೆ ದೂರದಲ್ಲಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ ಪೂರ್ತಿ ಎಳೆದುಕೊಳ್ಳಬೇಕು. ಇಲ್ಲಿ ಇನ್ನೂ ಬೆರಳಗಲ ಬಾಕಿ ಉಳಿಯುತ್ತಿತ್ತು.

ಹೆದ್ದಾರಿಯ ಸದ್ದಿಗೆ ಕಾರಣವೂ ಸಿಕ್ಕಿತು. ಕಂಪ್ಯೂಟರಿಗೆ ಕರೆಂಟೇ ಇಲ್ಲ, ಟಾರ್ಕ್ ಕನ್ವರ್ಟರ್ ಲಾಕ್ ಆಗುತ್ತಿರಲಿಲ್ಲ. ಅದರಿಂದಲೂ ಗೇರ್‌ಬಾಕ್ಸ್ ಬಿಸಿಯಾಗುತ್ತದೆ.

ರಾಯರೇ, ಇವತ್ತಿನಿಂದ ಇದನ್ನು ಓಡಿಸುವುದು ಬೇಡ ಅಂದೆ. ಅವರು ಒಂದೂ ಮಾತಾಡದೆ ಬೀಗದ ಕೈ ನನ್ನ ಕೈಗೆ ಕೊಟ್ಟರು.

ಮುಂದಿನ ದಾರಿ ಯಾವುದು

ಇಲ್ಲಿ ನಾವು ಆತುರಪಡಲಿಲ್ಲ. ಒಂದು ವಾರ ಯೋಚಿಸಿದೆವು.

ಶುರುಮಾಡಿದ್ದನ್ನು ಪೂರ್ತಿ ಮಾಡುವುದು ಒಂದು ದಾರಿ. ಅಂದರೆ ಕಂಪ್ಯೂಟರ್ ಇಲ್ಲದ ಕಾಲದ ಹಾಗೆ ಕಾರನ್ನು ಮಾಡುವುದು. ವ್ಯಾಕ್ಯೂಮ್ ಡಬ್ಬಿ ಮತ್ತು ತೂಕದ ಗುಂಡು ಇರುವ ಡಿಸ್ಟ್ರಿಬ್ಯೂಟರ್, ಟಿವಿ ಕೇಬಲ್ ಸರಿಯಾದ ಕೋನದಲ್ಲಿ ಎಳೆಯುವ ಬ್ರಾಕೆಟ್, ಕನ್ವರ್ಟರ್ ಲಾಕಿಗೆ ಬೇರೆ ಸ್ವಿಚ್ ಮತ್ತು ವೈರಿಂಗ್, ಇಜಿಆರ್‌ಗೆ ಬೇರೆ ವ್ಯಾಕ್ಯೂಮ್ ದಾರಿ. ಇಷ್ಟೂ ಮಾಡಿದರೆ ಕಾರು ಚೆನ್ನಾಗಿಯೇ ಓಡುತ್ತದೆ. ಈ ದಾರಿ ತಪ್ಪು ಅಂತ ನಾನು ಹೇಳುವುದಿಲ್ಲ. ರೇಸ್ ಟ್ರ್ಯಾಕಿಗೆ ಮಾತ್ರ ಇಟ್ಟ ಕಾರಾದರೆ ನಾನೂ ಇದನ್ನೇ ಮಾಡುತ್ತಿದ್ದೆ. ಆದರೆ ರಸ್ತೆಯ ಕಾರಿನಲ್ಲಿ ಹೊಗೆ ನಿಯಂತ್ರಣದ ಭಾಗ ತೆಗೆಯುವುದನ್ನು ಅಮೆರಿಕದ ಕೇಂದ್ರ ಕಾನೂನು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ ತಪಾಸಣೆಯಲ್ಲಿ ಹೊಗೆ ಅಳೆಯುವುದಷ್ಟೇ ಅಲ್ಲ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ. ಆ ರಾಜ್ಯದ ವಾಯು ಮಂಡಳಿಯ ಒಪ್ಪಿಗೆ ಸಂಖ್ಯೆ ಇಲ್ಲದ ಕಾರ್ಬುರೇಟರ್ ಕಂಡರೆ ಅಲ್ಲಿಗೇ ಮುಗಿಯಿತು. ಗ್ಯಾರೇಜಿನವರು ಈ ಮಾತನ್ನು ರಾಯರಿಗೆ ಹೇಳಿರಲಿಲ್ಲ. ಕಾರನ್ನು ತಂದದ್ದೇ ತಪಾಸಣೆಯಲ್ಲಿ ಫೇಲಾಗಿ. ಆ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅನ್ನುವ ಬೇಸರ ನನಗೆ ಇನ್ನೂ ಇದೆ.

ಫ್ಯೂಯಲ್ ಇಂಜೆಕ್ಷನ್ ಹಾಕುವ ಯೋಚನೆಯೂ ಬಂತು. ಖರ್ಚು, ಒಪ್ಪಿಗೆ ಕಾಗದ ಎರಡೂ ಕೈಮೀರುತ್ತಿದ್ದವು. ಬಿಟ್ಟೆವು.

ಉಳಿದದ್ದು ಡಬ್ಬಿಯಲ್ಲಿದ್ದ ಹಳೆಯ ಕಾರ್ಬುರೇಟರ್. ಅದರ ಎಡಬದಿಯಲ್ಲಿ ಒತ್ತಿದ ಸಂಖ್ಯೆ ನೋಡಿದೆ. 170 ಆದ ಮೇಲೆ 86 ಇತ್ತು. 1986ರದ್ದೇ, ಈ ಕಾರಿನ ಜೊತೆ ಬಂದದ್ದೇ. ಇದು ದೊಡ್ಡ ಸಮಾಧಾನ. ಎಷ್ಟೋ ಕಡೆ ಹಳೆಯದನ್ನು ಅಂಗಡಿಗೆ ಕೊಟ್ಟು ರಿಪೇರಿಯಾದ ಬೇರೊಂದನ್ನು ತರುತ್ತಾರೆ. ಆಗ ಯಾವುದೋ ಎಂಜಿನ್ನಿನ ಕಡ್ಡಿ, ಯಾವುದೋ ಜೆಟ್ ಸೇರಿದ ಕಾರ್ಬುರೇಟರ್ ಕೈಗೆ ಬರಬಹುದು. ನಿಮ್ಮ ಕಾರಿನ ಜೊತೆ ಹುಟ್ಟಿದ್ದು ಎಷ್ಟೇ ಕೊಳಕಾಗಿರಲಿ, ಅದನ್ನು ಕೈಬಿಡಬೇಡಿ.

ವಾಪಸ್ ಕಟ್ಟಿದ್ದು

ರಿಪೇರಿ ಮಾಡದೆಯೇ ಹಳೆಯದನ್ನು ಒಮ್ಮೆ ಹಾಗೇ ಕೂರಿಸಿದೆವು. ಇದು ಯೋಚಿಸಿ ಮಾಡಿದ್ದು. ಮೊದಲು ಇದ್ದ ರೋಗ ಏನು ಅಂತ ಯಾರೂ ಕಂಡುಹಿಡಿದೇ ಇರಲಿಲ್ಲ. ಬಿಚ್ಚಿ ತೊಳೆದುಬಿಟ್ಟರೆ ಆ ಸುಳಿವೂ ತೊಳೆದುಹೋಗುತ್ತದೆ. ಬಾನೆಟ್ ಕೆಳಗೆ ಅಂಟಿಸಿದ ಲೇಬಲ್ಲಿನಲ್ಲಿ ವ್ಯಾಕ್ಯೂಮ್ ಪೈಪುಗಳ ನಕ್ಷೆ ಇತ್ತು. ಅದನ್ನು ನೋಡಿಕೊಂಡು ಒಂದೊಂದೇ ಪೈಪ್ ಜೋಡಿಸಿದೆವು. ಫ್ಯೂಸ್ ಹಾಕಿದೆವು, ನಾಲ್ಕು ವೈರಿನ ಕನೆಕ್ಟರ್ ಸಿಕ್ಕಿಸಿದೆವು, ಟಿವಿ ಕೇಬಲ್ ಅದರ ಹಳೆಯ ಜಾಗಕ್ಕೆ ಬಂತು.

ಈ ಕಾರುಗಳಲ್ಲಿ ಕಾರ್ಬುರೇಟರಿನ ಹತ್ತಿರ ಒಂಟಿ ವೈರಿನ ಹಸಿರು ಕನೆಕ್ಟರ್ ಒಂದು ಸುಮ್ನೆ ತೂಗಾಡುತ್ತಿರುತ್ತದೆ. ಅದಕ್ಕೆ ಹಳೆಯ ಕಾಲದ ಡ್ವೆಲ್ ಮೀಟರ್ ಸಿಕ್ಕಿಸಿ ಆರು ಸಿಲಿಂಡರಿನ ಸ್ಕೇಲಿನಲ್ಲಿ ನೋಡಬೇಕು. ಸೊಲೆನಾಯ್ಡಿಗೆ ಎಷ್ಟು ಹೊತ್ತು ಕರೆಂಟ್ ಹೋಗುತ್ತಿದೆ ಅಂತ ಅದು ತೋರಿಸುತ್ತದೆ. ಎಂಜಿನ್ ವಿ8 ಆದರೂ ಆರರ ಸ್ಕೇಲೇ. ಮುಳ್ಳು 30ರ ಆಸುಪಾಸಿನಲ್ಲಿ ಅತ್ತಿತ್ತ ಆಡುತ್ತಿದ್ದರೆ ಎಲ್ಲ ಸರಿ. 50 ದಾಟಿ ಆಡುತ್ತಿದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ, ಕಂಪ್ಯೂಟರ್ ಅದನ್ನು ತಗ್ಗಿಸಲು ಒದ್ದಾಡುತ್ತಿದೆ ಅಂತ ಅರ್ಥ. ಮುಳ್ಳು ಆಡದೇ ಒಂದೇ ಕಡೆ ನಿಂತಿದ್ದರೆ ಕಂಪ್ಯೂಟರ್ ಆಕ್ಸಿಜನ್ ಸೆನ್ಸರಿನ ಮಾತು ಕೇಳುತ್ತಲೇ ಇಲ್ಲ.

ನಮ್ಮ ಮುಳ್ಳು ನಿಂತಿತ್ತು. ಇಪ್ಪತ್ತು ನಿಮಿಷ ಓಡಿಸಿ ಬಂದರೂ ನಿಂತೇ ಇತ್ತು.

ನಾನು ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ. ಬದಲಾಗಲಿಲ್ಲ. ಒಂದು ಶನಿವಾರ ಹಾಗೆ ಹೋಯಿತು. ಮಾರನೆಯ ದಿನ ರಾಯರು ಕಾಫಿ ಕೊಡುತ್ತಾ, "ಏನೇ ಆಗ್ಲಿ, ಈ ಕಾರು ಒಂದಿನಾನೂ ಬಿಸಿ ಆಗಿಲ್ಲ ನೋಡು. ಟೆಂಪರೇಚರ್ ಮುಳ್ಳು ಯಾವಾಗ್ಲೂ ಕೆಳಗೇ" ಅಂದರು. ಅವರು ಅದನ್ನು ಹೆಮ್ಮೆಯಿಂದ ಹೇಳಿದ್ದು. ನನಗೆ ಅಲ್ಲೇ ಹೊಳೆಯಿತು.

ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಇರುವ ಕಡೆ ಬಿಚ್ಚಿದೆವು. ಒಳಗೆ ಏನೂ ಇರಲಿಲ್ಲ. ಹಿಂದಿನ ಯಾರೋ ತೆಗೆದು ಬಿಸಾಡಿದ್ದರು. ನಮ್ಮೂರಿನಲ್ಲೂ ಅಂಬಾಸಡರ್ ಕಾಲದಲ್ಲಿ ಬಿಸಿಯಾಗುವ ಗಾಡಿಗೆ ಇದೇ ಔಷಧಿ ಮಾಡುತ್ತಿದ್ದರು. ಆ ಗಾಡಿಗಳಿಗೆ ಹೇಗೋ ನಡೆಯುತ್ತಿತ್ತು. ಇಲ್ಲಿ ನಡೆಯುವುದಿಲ್ಲ. ನೀರು ಒಂದು ಮಟ್ಟಕ್ಕೆ ಬಿಸಿಯಾಗುವ ತನಕ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಆಕ್ಸಿಜನ್ ಸೆನ್ಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಪೆಟ್ರೋಲ್ ಧಾರಾಳವಾಗಿ ಬಿಡುತ್ತದೆ. ನೀರಿನ ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ. ಎಂಜಿನ್ ನಿಜವಾಗಿಯೂ ತಣ್ಣಗಿತ್ತು. ಕೋಡ್ ಬರಲು ಕಾರಣವೇ ಇರಲಿಲ್ಲ.

195 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 90 ಡಿಗ್ರಿ ಸೆಲ್ಸಿಯಸ್ಸಿಗೆ ತೆರೆಯುವ ಥರ್ಮೋಸ್ಟಾಟ್ ಹಾಕಿದೆವು. ಇಡೀ ಕೆಲಸದಲ್ಲಿ ಅತಿ ಅಗ್ಗದ ಭಾಗ ಅದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಡ್ವೆಲ್ ಮೀಟರಿನ ಮುಳ್ಳು ಆಡತೊಡಗಿತು. ರಾಯರು ಕೂಗಿದ್ದು ನೆನಪಿದೆ.

ಆದರೆ ಅದು ಆಡುತ್ತಿದ್ದದ್ದು 52, 54ರಲ್ಲಿ. ಹಾಗಾದರೆ ಕಾರ್ಬುರೇಟರಿನಲ್ಲೂ ತೊಂದರೆ ಇದೆ. ಗ್ಯಾರೇಜಿನವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಈಗ ಬಿಚ್ಚಬಹುದು ಅನ್ನುವ ಧೈರ್ಯ ಬಂತು.

ಕಾರ್ಬುರೇಟರಿನ ಬೌಲಿನಲ್ಲಿ, ಅಂದರೆ ಪೆಟ್ರೋಲ್ ತುಂಬುವ ಬಟ್ಟಲಿನಲ್ಲಿ, ತೇಲುತ್ತಾ ನೀಡಲ್ ವಾಲ್ವ್ ಮುಚ್ಚಿ ಪೆಟ್ರೋಲ್ ತಡೆಯುವುದು ಫ್ಲೋಟ್. ಕ್ವಾಡ್ರಾಜೆಟ್ಟಿನಲ್ಲಿ ಅದು ಕಪ್ಪು ಫೋಮಿನದು. ವರ್ಷಗಳು ಕಳೆದಂತೆ ಅದು ಪೆಟ್ರೋಲ್ ಹೀರಿ ಭಾರವಾಗುತ್ತದೆ. ಭಾರವಾದ ಫ್ಲೋಟ್ ಸರಿಯಾಗಿ ತೇಲುವುದಿಲ್ಲ, ನೀಡಲ್ ಸರಿಯಾಗಿ ಮುಚ್ಚುವುದಿಲ್ಲ, ಬೌಲಿನಲ್ಲಿ ಪೆಟ್ರೋಲ್ ಮಟ್ಟ ಏರುತ್ತದೆ. ಅಡುಗೆಮನೆಯ ತಕ್ಕಡಿ ತಂದು ಹೊಸ ಫ್ಲೋಟಿನ ಜೊತೆ ತೂಗಿದೆವು. ಹಳೆಯದು ಎದ್ದು ಕಾಣುವಷ್ಟು ಭಾರವಿತ್ತು. ಬೌಲಿನ ಅಡಿಯಲ್ಲಿ ಮುಚ್ಚಿದ ಬಿರಡೆಗಳೂ ಜಿನುಗುತ್ತಿದ್ದವು. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಗ್ಗೆ ಪೆಟ್ರೋಲ್ ವಾಸನೆ ಬರುತ್ತಿದ್ದದ್ದು ಅಲ್ಲಿಂದ. ಅವನ್ನು ಎಪಾಕ್ಸಿ ಹಾಕಿ ಮುಚ್ಚಿದೆವು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದನ್ನು ತಡೆಯುವ ರಬ್ಬರಿನ ಕಿಟ್ ತರಿಸಿದೆವು.

ಕೊನೆಗೆ ಬಂದದ್ದು ಸೊಲೆನಾಯ್ಡಿನ ಹೊಂದಾಣಿಕೆ. ಕಡ್ಡಿ ಎಷ್ಟು ಕೆಳಗೆ ಇಳಿಯಬೇಕು ಅನ್ನುವುದಕ್ಕೆ 1.304 ಇಂಚಿನ ಗೇಜ್ ಬೇಕು. ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ ಇದು. ಕಂಪ್ಯೂಟರ್ ಕಾರ್ಬುರೇಟರಿಗೆ ಕೆಟ್ಟ ಹೆಸರು ಬಂದದ್ದು ಬಹುಪಾಲು ಇಲ್ಲೇ ಅಂತ ನನ್ನ ನಂಬಿಕೆ. ಗೇಜ್ ಇಲ್ಲದೆ ಸ್ಕ್ರೂ ತಿರುಗಿಸಿದವರು ತುಂಬ ಜನ. ನಾವು ಗೇಜ್ ಬರುವ ತನಕ ಎರಡು ವಾರ ಕಾದೆವು. ಆಮೇಲೆ ಐಡಲಿನಲ್ಲಿ ಡ್ವೆಲ್ 28ರಿಂದ 36ರ ನಡುವೆ ಆಡಿತು.

ಆಮೇಲೆ ಏನಾಯಿತು

ತಪಾಸಣೆಯಲ್ಲಿ ಕಾರು ಪಾಸಾಯಿತು, ಕಣ್ಣಲ್ಲಿ ನೋಡುವುದೂ ಆಯಿತು, ಹೊಗೆಯೂ ಸರಿಯಿತ್ತು. ಮೈಲೇಜ್ 17ಕ್ಕೆ ಬಂತು. ಪಿಕಪ್ ಕೊಂಡ ದಿನಕ್ಕಿಂತ ಚೆನ್ನಾಗಿದೆ ಅನ್ನುತ್ತಾರೆ ರಾಯರು. ಹಿಂದಿನ ಎರಡು ಬಾಯಿ ತೆರೆದಾಗ ಬರುವ ಆ ಗಂಭೀರ ಸದ್ದು ಕೇಳಲು ನಾನು ಈಗಲೂ ನೆಪ ಮಾಡಿಕೊಂಡು ಅವರ ಮನೆಗೆ ಹೋಗುತ್ತೇನೆ.

ಗೇರ್‌ಬಾಕ್ಸ್ ಮಾತ್ರ ಉಳಿಯಲಿಲ್ಲ. ಆಯಿಲ್, ಫಿಲ್ಟರ್ ಬದಲಿಸಿ ಕೆಲವು ತಿಂಗಳು ಓಡಿಸಿದರು. ಮೂರನೇ ಗೇರಿನ ಜಾರುವಿಕೆ ಜಾಸ್ತಿಯಾಗಿ ಪೂರ್ತಿ ಬಿಚ್ಚಿಸಬೇಕಾಯಿತು. ಕ್ಲಚ್ ಪ್ಲೇಟುಗಳು ಕರಿದ ಹಪ್ಪಳದ ಹಾಗೆ ಪುಡಿಯಾಗುತ್ತಿದ್ದವು. ಎರಡು ಕಾರ್ಬುರೇಟರ್, ಕಿಟ್, ಗೇಜ್ ಎಲ್ಲ ಸೇರಿಸಿದರೂ ಆ ಒಂದು ಬಿಲ್ಲಿನ ಅರ್ಧ ಆಗುವುದಿಲ್ಲ. ಒಂದು ತಿಂಗಳು ತಪ್ಪು ಲಿವರಿನಲ್ಲಿ ಕೇಬಲ್ ಎಳೆದದ್ದರ ಬೆಲೆ ಅದು.

ಇಂಥ ಕಾರು ಇರುವವರು ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಹೀಗೆ. ಕಾರ್ಬುರೇಟರ್ ಬಿಚ್ಚುವ ಮುಂಚೆ ನೀರು ಎಷ್ಟು ಬಿಸಿಯಾಗುತ್ತಿದೆ ನೋಡಿ, ಡ್ವೆಲ್ ಮೀಟರಿನ ಮುಳ್ಳು ಆಡುತ್ತಿದೆಯಾ ನೋಡಿ. ಎರಡಕ್ಕೂ ಒಂದು ಗಂಟೆ ಸಾಕು. ಆಮೇಲೂ ಬದಲಿಸುವುದೇ ಸರಿ ಅನ್ನಿಸಿದರೆ ಡಿಸ್ಟ್ರಿಬ್ಯೂಟರ್, ಟಿವಿ ಕೇಬಲ್, ಕನ್ವರ್ಟರ್ ಲಾಕ್ ಮೂರಕ್ಕೂ ಸಾಮಾನು ಕೈಗೆ ಬಂದ ಮೇಲೆಯೇ ಮೊದಲ ನಟ್ ಬಿಚ್ಚಿ. ಟಿವಿ ಕೇಬಲ್ ಸರಿಯಾಗಿ ಹೊಂದಿಸದೆ ಕಾರನ್ನು ಬೀದಿಯ ಕೊನೆ ತನಕವೂ ಓಡಿಸಬೇಡಿ. ನಿಮ್ಮ ರಾಜ್ಯದಲ್ಲಿ ತಪಾಸಣೆ ಹೇಗೆ ನಡೆಯುತ್ತದೆ ಅಂತ ತಪಾಸಣೆ ಮಾಡುವವರನ್ನೇ ಕೇಳಿ.

ಆ ಹೊಸ 600ರ ಕಾರ್ಬುರೇಟರ್ ಸ್ವಲ್ಪ ದಿನ ಅದೇ ರಟ್ಟಿನ ಡಬ್ಬಿಯಲ್ಲಿ ಕೂತಿತ್ತು. ಕಳೆದ ವರ್ಷ ರಾಯರು ಅದನ್ನು ಪಕ್ಕದ ಬೀದಿಯವರಿಗೆ ಕೊಟ್ಟರು. ಅವರದು 1971ರ ಪಿಕಪ್ ಟ್ರಕ್. ಕಂಪ್ಯೂಟರ್ ಇಲ್ಲ, ಡಿಸ್ಟ್ರಿಬ್ಯೂಟರಿಗೆ ವ್ಯಾಕ್ಯೂಮ್ ಡಬ್ಬಿ ಇದೆ, ಹೊಗೆ ತಪಾಸಣೆ ಬೇಕಿಲ್ಲ. ಒಂದು ಮಧ್ಯಾಹ್ನದಲ್ಲಿ ನಾವು ಮೂವರೂ ಸೇರಿ ಕೂರಿಸಿದೆವು. ಎರಡನೇ ಸಲ ಕೀಲಿ ತಿರುಗಿಸಿದಾಗ ಸ್ಟಾರ್ಟಾಯಿತು, ಇವತ್ತಿಗೂ ಚೆನ್ನಾಗಿ ಓಡುತ್ತಿದೆ.